ಇಲಿಮರಿಗಳ ಚಳಿ, ನನ್ನ ಚಳಿ

ಆಗ ಔರಂಗಾಬಾದ್ ಎನ್ನುತ್ತಿದ್ದ ಊರಿನ ಒಂದು ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ. ಇಲಿಗಳ ಮಿದುಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ನನ್ನ ಕೆಲಸ. ಬೀದರಿನ ನಮ್ಮ ಮನೆಯಲ್ಲಿ ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಕೊರಳಲ್ಲಿ ಲಿಂಗವಿರುವ ಮಗಳು ಇಲಿ ಕೊಯ್ಯುತ್ತಾಳೆಂದು ತಿಳಿದಿದ್ದರೆ ಅವ್ವ ಊಟ ಬಿಡುತ್ತಿದ್ದಳು. ಕಾಲೇಜಿನಲ್ಲಿ ನೌಕರಿ ಎಂದಷ್ಟೇ ಅವರಿಗೆ ಗೊತ್ತಿತ್ತು.

ನಾನು ನೋಡುತ್ತಿದ್ದದ್ದು ನರಕೋಶಗಳನ್ನಲ್ಲ, ಅವುಗಳ ಸುತ್ತಲಿನ ಆಸರೆ ಕೋಶಗಳನ್ನು. ಮದುವೆಗೆ ಬಂದವರೆಲ್ಲ ಮದುಮಕ್ಕಳನ್ನು ನೋಡುತ್ತಾರೆ, ಅಡುಗೆಮನೆಯಲ್ಲಿ ಬೆವರು ಸುರಿಸುವವರನ್ನು ಯಾರು ನೋಡುತ್ತಾರೆ? ಈ ಕೋಶಗಳ ಪಾಡೂ ಅದೇ. ನರಕ್ಕೆ ಆಹಾರ ಮುಟ್ಟಿಸುವುದು, ಅದರ ಎಳೆಗೆ ಹೊದಿಕೆ ಸುತ್ತುವುದು ಇವುಗಳ ಕೆಲಸ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಸಿಗದಿದ್ದರೆ ಇವುಗಳ ಗತಿ ಏನಾಗುತ್ತದೆ ಎಂದು ತಿಳಿಯಲು, ಇಲಿಮರಿಗಳಿಗೆ ಔಷಧಿ ಕೊಟ್ಟು ಆ ಗ್ರಂಥಿಯ ಕೆಲಸ ನಿಲ್ಲಿಸುತ್ತಿದ್ದೆವು. ಆಮೇಲೆ ನೋಡಿದರೆ ಆ ಕೋಶಗಳ ಕವಲುಗಳು ಮೊಟಕಾಗಿರುತ್ತಿದ್ದವು, ನರದ ಎಳೆಗಳ ಹೊದಿಕೆ ತೆಳ್ಳಗಾಗಿರುತ್ತಿತ್ತು. ಬದುಕಿದ್ದಾಗಲೂ ಆ ಮರಿಗಳು ಮಂಕು. ಕೂದಲು ಒರಟಾಗಿ, ಉರಿಬಿಸಿಲಿನ ದಿನಗಳಲ್ಲೂ ಪಂಜರದ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಪಾಪ, ಚಳಿ ಎಂದು ನಾನು ಇನ್ನಷ್ಟು ಹುಲ್ಲು ಹಾಕುತ್ತಿದ್ದೆ.

ಆ ವರ್ಷ ನನಗೂ ಚಳಿ ಹತ್ತಿತು. ಏಪ್ರಿಲ್ ತಿಂಗಳಲ್ಲಿ ಶಾಲು ಹೊದ್ದು ಕುಳಿತರೆ ಜೊತೆಯವರು ನಗದೆ ಇರುತ್ತಾರೆಯೇ? ಕಲ್ಲಿನ ಕಟ್ಟಡ, ಅದಕ್ಕೇ ತಂಪು ಎಂದು ನಾನು ವಾದಿಸಿದೆ. ಮಾತೂ ತಡವರಿಸತೊಡಗಿತು. ಸಂತೆಯಲ್ಲಿ ಮೆಂತ್ಯದ ಸೂಡಿನ ಮುಂದೆ ನಿಂತು ಅದರ ಹೆಸರು ಬಾಯಿಗೆ ಬರದೆ ಬೆರಳು ತೋರಿಸಿದೆ. ಅದಕ್ಕೂ ನನ್ನ ಬಳಿ ಕಾರಣ ಸಿದ್ಧವಿತ್ತು. ಬೆಳಗಿನಿಂದ ಸಂಜೆಯವರೆಗೆ ಮರಾಠಿ, ಇಂಗ್ಲಿಷು. ಕನ್ನಡದಲ್ಲಿ ಒಂದು ಮಾತಾಡಲು ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೇದದ ಬಾವಿಯ ನೀರು ಕೆಡದೆ ಇನ್ನೇನಾದೀತು? ಸಂಜೆ ಬಾಡಿಗೆ ಕೋಣೆಗೆ ಬಂದವಳು ಚಪ್ಪಲಿ ಬಿಟ್ಟು ಮಲಗಿದರೆ ಮುಗಿಯಿತು, ಒಲೆ ಹೊತ್ತಿಸುವ ಮನಸ್ಸೂ ಇರುತ್ತಿರಲಿಲ್ಲ.

ಇದಕ್ಕೆಲ್ಲ ನಾನು ಒಂಟಿತನ ಎಂದು ಹೆಸರಿಟ್ಟುಕೊಂಡೆ. ಮೂವತ್ತು ದಾಟಿದ, ಮದುವೆಯಾಗದ ಹೆಂಗಸಿನ ಬೇನೆಗೆ ಊರೆಲ್ಲ ಇಡುವ ಹೆಸರು ಅದೊಂದೇ. ಮನೆಯ ಒಡತಿ ಎದುರಾದಾಗಲೆಲ್ಲ ಲಗ್ನ ಮಾಡಿಕೋ, ಎಲ್ಲ ನೆಟ್ಟಗಾಗುತ್ತದೆ ಎನ್ನುತ್ತಿದ್ದಳು. ನಾನು ಹುಟ್ಟಾ ಜಗಳಗಂಟಿ. ಆದರೂ ಅವಳಿಗೆ ಎದುರಾಡಲಿಲ್ಲ, ಅಷ್ಟು ತ್ರಾಣವಿರಲಿಲ್ಲ.

ದೀಪಾವಳಿಗೆ ನಾಸಿಕದ ಹತ್ತಿರದ ಓಝರ್‌ಗೆ ಹೋದೆ. ಭಾವ ಅಲ್ಲಿಯ ವಿಮಾನದ ಕಾರ್ಖಾನೆಯಲ್ಲಿದ್ದರು. ಬಾಗಿಲು ತೆರೆದ ಅಕ್ಕ ನನ್ನ ಮಾತು ಕೇಳಿ ಅಲ್ಲೇ ನಿಂತಳು.

"ಯಾಕ ತಂಗಿ, ದನಿ ಗಂಡಸರಂಗ ದಪ್ಪ ಆಗ್ಯದಲ್ಲ?"

"ಮಾತಾಡ್ಲಿಕ್ಕ ಯಾರೂ ಇಲ್ಲಕ್ಕ. ತುಕ್ಕು ಹಿಡದದ."

ಅಕ್ಕ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ತ್ರ್ಯಂಬಕೇಶ್ವರಕ್ಕೆ ಕರೆದೊಯ್ದು ಪೂಜೆ ಮಾಡಿಸಬೇಕೆಂದಳು. "ಮೊದಲ ಆಕಿಗಿ ಊಟಕ್ಕ ಹಾಕು, ಪೂಜಿ ಆಮ್ಯಾಲ ನೋಡಮು" ಎಂದರು ಭಾವ.

ನರಕ ಚತುರ್ದಶಿಯ ಬೆಳಿಗ್ಗೆ ಅಕ್ಕ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ತಿಕ್ಕಿದಳು. ಅವಳ ಅಂಗೈ ತುಂಬ ನನ್ನ ಕೂದಲು. ಬಾತುಕೊಂಡ ನನ್ನ ಮುಖಕ್ಕೆ ಎಣ್ಣೆ ಹಚ್ಚುತ್ತ ಕೈ ನಿಲ್ಲಿಸಿದಳು.

"ನಿನ್ನ ಹುಬ್ಬು ಅರ್ಧಕ್ಕರ್ಧ ಎಲ್ಲಿ ಹೋಗ್ಯಾವ? ತೊಗಲರ ನೋಡು, ಹ್ಯಾಂಗ ಒರಟ ಆಗ್ಯದ."

ಕುದಿಯುವಂಥ ನೀರು ಹೊಯ್ಯುತ್ತಿದ್ದರೂ ನಾನು ನಡುಗುತ್ತಿದ್ದೆ. ಆಗ ಪಂಜರದ ಮೂಲೆಯ ಮರಿಗಳು ಕಣ್ಣ ಮುಂದೆ ಬಂದವು. ಒರಟು ಕೂದಲು, ಮಂಕು, ಬೇಸಿಗೆಯ ಚಳಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಕನ್ನಡಿಯಲ್ಲ, ಅಕ್ಕನೇ ಬೇಕಾಯಿತು. ನಗು ತಡೆಯಲಾಗಲಿಲ್ಲ. ಅಕ್ಕ ಹೆದರಿ ತಂಬಿಗೆ ಕೆಳಗಿಟ್ಟಳು.

"ಹೆದರಬ್ಯಾಡಕ್ಕ. ನಾ ಒಬ್ಬಾಕೇ ಇದ್ದದ್ದಕ್ಕ ಹಿಂಗ ಆಗಿಲ್ಲ. ಕುತ್ತಿಗ್ಯಾಗಿನ ಗ್ರಂಥಿ ಕೆಟ್ಟದ. ಅದಕ್ಕ ಗುಳಿಗಿ ಸಿಗ್ತಾವ."

ರೋಗ ಬಂದಿದೆ ಎಂದು ಯಾರಾದರೂ ಹಿಗ್ಗುತ್ತಾರೆಯೇ? ನಾನು ಹಿಗ್ಗಿದೆ. ಔರಂಗಾಬಾದಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ದಿನ ನನ್ನ ಹಣೆಬರಹ ಎಂದುಕೊಂಡದ್ದು ಬರೀ ಹಾರ್ಮೋನಿನ ಕೊರತೆ. ಗುಳಿಗೆ ನುಂಗಿದರೆ ಚಳಿ ಹೋದಂತೆ ಒಂಟಿತನವೂ ಹೋಗುತ್ತದೆ.

ಡಾಕ್ಟರರು ನನ್ನ ಹಿಮ್ಮಡಿಗಿಂತ ತುಸು ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಸೆಟೆದು, ನಿದ್ದೆಗಣ್ಣಿನಲ್ಲಿದ್ದಂತೆ ನಿಧಾನವಾಗಿ ಹಿಂದಕ್ಕೆ ಬಂತು. ಆ ನಿಧಾನವೇ ಈ ರೋಗದ ಗುರುತು ಎಂದರು. ರೋಗ ಖಚಿತವಾಯಿತು, ಗುಳಿಗೆ ಶುರುವಾಯಿತು. ಮುಖದ ಬಾವು ಇಳಿಯಿತು, ದನಿ ತೆಳುವಾಯಿತು, ಹೊದ್ದ ಶಾಲು ಪೆಟ್ಟಿಗೆ ಸೇರಿತು. ಒಂದು ದಿನ ನಲ್ಲಿ ನೀರಿನ ವಿಷಯಕ್ಕೆ ಮನೆಯ ಒಡತಿಯ ಜೊತೆ ಜೋರು ಜಗಳವಾಡಿದೆ. ಬಹಳ ಖುಷಿಯಾಯಿತು.

ಆ ಸಂಜೆ ರೊಟ್ಟಿ ಬಡಿದು ತಾಟಿನ ಮುಂದೆ ಕುಳಿತೆ. ಜಗಳದಲ್ಲಿ ನಾನು ಗೆದ್ದದ್ದನ್ನು ಯಾರಿಗಾದರೂ ಹೇಳಬೇಕೆನಿಸಿತು. ಯಾರೂ ಇರಲಿಲ್ಲ. ಮೊದಲಾಗಿದ್ದರೆ ಗೋಡೆ ನೋಡುತ್ತ ಮಲಗಿಬಿಡುತ್ತಿದ್ದೆ, ಏನೂ ಅನಿಸುತ್ತಿರಲಿಲ್ಲ. ಈಗ ಎಲ್ಲವೂ ಸರಿಯಾಗಿ ನಾಟಿತು. ರೊಟ್ಟಿ ಕೈಯಲ್ಲಿ ಹಿಡಿದು ಅತ್ತೆ. ಆ ವರ್ಷದಲ್ಲಿ ನಾನು ಅತ್ತದ್ದು ಅದೇ ಮೊದಲು.

ಗುಳಿಗೆ ಸಾಲದಾಗಿದೆ, ಇನ್ನಷ್ಟು ಹೆಚ್ಚಿಸಿ ಎಂದು ಕೇಳಲು ಡಾಕ್ಟರರ ಬಳಿ ಹೋದೆ. ಅವರು ನಾಡಿ ಹಿಡಿದರು, ಕಣ್ಣು ನೋಡಿದರು, ಕುತ್ತಿಗೆ ಮುಟ್ಟಿದರು. ಹೆಚ್ಚಿಸುವ ಅಗತ್ಯವಿಲ್ಲ, ನೀವು ಪೂರ್ತಿ ಗುಣವಾಗಿದ್ದೀರಿ ಎಂದರು. ಇನ್ನೇನಾದರೂ ತ್ರಾಸ ಉಳಿದಿದೆಯೇ ಎಂದು ಕೇಳಿದರು.

ಇಲ್ಲ ಎಂದೆ. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತೆ. ಹಾಗಾದರೆ ಈ ಒಂಟಿತನ ರೋಗವಲ್ಲ, ನನ್ನದೇ.