ಬೊಂಬಾಯಿಯಿಂದ ಕೆಂಗೇರಿಗೆ ಮೂರು ಗಂಟೆ

ಮೊನ್ನೆ ಮೊಮ್ಮಗಳು ಮೊಬೈಲು ನೋಡಿಕೊಂಡು, "ತಾತ, ಮುಂಬೈ ಬರೀ ಒಂದೂಮುಕ್ಕಾಲು ಗಂಟೆ" ಅಂದಳು. ನನಗೆ ಮೈ ಉರಿಯಿತು. "ಯಾರ ಮನೆ ಬಾಗಿಲಿಂದ ಯಾರ ಮನೆ ಬಾಗಿಲಿಗೆ?" ಎಂದು ಗದರಿಬಿಟ್ಟೆ. ಮಗು ಬೆಪ್ಪಾಯಿತು. ಆ ಸಿಟ್ಟು ಅವಳ ಮೇಲಿನದಲ್ಲ.

ಐವತ್ತರ ದಶಕದ ಕೊನೆ. ಕೆಂಗೇರಿಯ ನಮ್ಮ ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಅಪ್ಪ ಮೊದಲೇ ಹೋಗಿದ್ದ; ಅವ್ವ ಒಂದು ಸಂಜೆ ತೀರಿಕೊಂಡಳು. ಬೊಂಬಾಯಿಯಲ್ಲಿದ್ದ ಅಕ್ಕನಿಗೆ ತಂತಿ ಕೊಟ್ಟೆವು. ಬೆಳಿಗ್ಗೆ ಭಾವನ ಮರುತಂತಿ ಬಂತು: ಬೆಳಗಿನ ವಿಮಾನಕ್ಕೆ ಹೊರಟಿದ್ದಾಳೆ, ಕಾಯಿರಿ.

ನಮ್ಮಲ್ಲಿ ಮಣ್ಣಿಗಿಡುವ ಮೊದಲು ಮಗಳು ತಾಯಿಯ ಬಾಯಿಗೆ ಅಕ್ಕಿ ಹಾಕಬೇಕು. ಹೊತ್ತು ಮುಳುಗುವುದರೊಳಗೆ ಮಣ್ಣೂ ಆಗಬೇಕು.

"ಓದಿದೋನು ನೀನು, ಹೇಳ್ಲಾ. ಎಷ್ಟೊತ್ಗೆ ಬರ್ತಾಳೆ?" ಎಂದ ದೊಡ್ಡಪ್ಪ.

ಗೊತ್ತಿಲ್ಲ ಎನ್ನಬಹುದಿತ್ತು. ವಿಮಾನವನ್ನು ನಾನು ಕಂಡಿದ್ದು ಹೊಲದಲ್ಲಿ ನಿಂತು ತಲೆಯೆತ್ತಿ, ಅಷ್ಟೇ. ಆದರೂ ಶಾಲೆಯ ಅಟ್ಲಾಸು ತೆಗೆದು, ಎರಡೂರಿನ ನಡುವೆ ಹೊಲಿಗೆ ದಾರ ಎಳೆದು ಅಳೆದೆ. ಐನೂರು ಚಿಲ್ಲರೆ ಮೈಲಿ. ಪೇಪರಿನಲ್ಲಿ ಓದಿದ್ದ ವೇಗದಿಂದ ಭಾಗಿಸಿದೆ. "ಮೂರು ಗಂಟೆ, ದೊಡ್ಡಪ್ಪ. ಮಧ್ಯಾಹ್ನಕ್ಕೆಲ್ಲ ಇಲ್ಲಿರ್ತಾಳೆ." ಹೆಣದ ಸುತ್ತ ಕೂತವರು ತಲೆದೂಗಿದರು. ಆ ಹೊತ್ತಿನಲ್ಲೂ ನನಗೆ ಹೆಮ್ಮೆ!

ಮಧ್ಯಾಹ್ನ ಹೋಯಿತು. ಬಿಸಿಲು ಜಗಲಿಯಿಂದ ಇಳಿಯಿತು. ಸೋದರತ್ತೆ ಶುರುಮಾಡಿದಳು: "ಬೊಂಬಾಯ್ ನೀರು ಕುಡಿದೋಳ್ಗೆ ಅವ್ವ ಯಾಕೆ ಬೇಕವ್ವಾ?" ಅವ್ವ ಮಲಗಿದ್ದಾಗ ಒಂದು ಲೋಟ ಗಂಜಿ ಕಾಯಿಸಿಕೊಡದವಳು ಈ ಮಾತಾಡಿದಳು!

"ಏನ್ಲಾ, ಇನ್ನೂ ದಾರೀಲವ್ಳಾ?" ದೊಡ್ಡಪ್ಪ ನನ್ನ ಮುಖ ನೋಡಿದ.

ನನ್ನ ಲೆಕ್ಕ ತಪ್ಪಿರಬಹುದು ಎನ್ನಲು ನಾಲಿಗೆ ಏಳಲಿಲ್ಲ. "ಹತ್ತಿದ್ರೆ ಇಷ್ಟೊತ್ಗೆ ಬಂದಿರೋಳು. ಹತ್ತೇ ಇಲ್ಲ" ಎಂದೆ.

ಹೆಣ ಎತ್ತಿದರು. ಹೊತ್ತು ಮುಳುಗಲು ಇನ್ನೂ ಮಾರುದ್ದ ಬಾಕಿಯಿತ್ತು.

ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು ಬರುವಾಗ ಇನ್ನೂ ಕತ್ತಲಾಗಿರಲಿಲ್ಲ. ಅಕ್ಕ ಮೈಸೂರು ರಸ್ತೆ ಕಡೆಯಿಂದ ಒಬ್ಬಳೇ ಓಡಿ ಬರುತ್ತಿದ್ದಳು. ಸೆರಗಿನ ತುದಿಯಲ್ಲಿ ಅಕ್ಕಿ ಕಟ್ಟಿಕೊಂಡಿದ್ದಳು.

ವಿಮಾನ ನಡುವೆ ಹೈದರಾಬಾದಿನಲ್ಲಿ ಇಳಿದು ನಿಂತಿತ್ತು. ಇಲ್ಲಿ ಇಳಿಸಿದ್ದೋ, ಬೆಂಗಳೂರಿನ ಆ ಮೂಡಣ ತುದಿಯಲ್ಲಿ. ಅಲ್ಲಿಂದ ಪೇಟೆಗೆ ಬಂದು, ಜಟಕಾ ಹಿಡಿದು, ಮಾರ್ಕೆಟ್ಟಿನಲ್ಲಿ ಕೆಂಗೇರಿ ಬಸ್ಸು ತುಂಬುವ ತನಕ ಕೂತಿದ್ದಳು. ಇದ್ಯಾವುದೂ ನನ್ನ ದಾರದೊಳಗೆ ಇರಲಿಲ್ಲ. ಟಿಕೆಟ್ಟು ಮಾರುವವರ ಬಾಯಲ್ಲಿ ಇವತ್ತಿಗೂ ಇಲ್ಲ. ಆಕಾಶದ ಲೆಕ್ಕ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ.

ಮೂರನೆಯ ದಿನ ಗುಡ್ಡೆಗೆ ಹಾಲು-ತುಪ್ಪ ಬಿಡುವಾಗ ಅಕ್ಕ ಮೆಲ್ಲಗೆ ಕೇಳಿದಳು: "ಇನ್ನೂ ಹೊತ್ತಿತ್ತಂತಲ್ಲೋ. ನಾ ಬರಲ್ಲ ಅಂದೋರು ಯಾರೋ?"

"ಎಲ್ಲಾರೂ ಅಂದ್ರಕ್ಕ."

ಎಲ್ಲರೂ ಅಂದಿರಲಿಲ್ಲ. ಅಂದವನು ನಾನು. ಅಕ್ಕ ಆಮೇಲೆ ಸೋದರತ್ತೆಯ ಮನೆಯಲ್ಲಿ ನೀರು ಮುಟ್ಟಲಿಲ್ಲ. ದೊಡ್ಡಪ್ಪ ಸತ್ತಾಗ ಮಣ್ಣಿಗೂ ಬರಲಿಲ್ಲ. ಊರಿಗೆ ಬಂದರೆ ನನ್ನ ಮನೆಯಲ್ಲೇ ಉಳಿದು, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. "ನೀನೊಬ್ನೇ ಕಣೋ ನಮ್ಮೋನು" ಅನ್ನುತ್ತಿದ್ದಳು, ಸಾಯುವ ತನಕ.

ಆ ಮಾತು ಕೇಳಿಸಿಕೊಂಡು, ತಟ್ಟೆಯಲ್ಲಿದ್ದ ಮುದ್ದೆ ಮುರಿದು ನುಂಗುತ್ತಿದ್ದೆನಲ್ಲ, ಆ ನನ್ನ ಕಪಾಳಕ್ಕೆ ಬಾರಿಸಬೇಕೆನಿಸುತ್ತದೆ.