ಕೊನೆಯವನಿಗೆ ಕಾದ ಊಟ

ದನಗಳಿಗೆ ಚುಚ್ಚುಮದ್ದು ಹಾಕಲು ಮೈಸೂರಿನಿಂದ ಮುಂಡಗೋಡಕ್ಕೆ ವರ್ಗವಾಗಿ ಬಂದ ಹೊಸತು. ಒಂದು ಬೆಳಿಗ್ಗೆ ಚಿಗಳ್ಳಿ ಹತ್ತಿರದ ಹಳ್ಳಿಗೆ ಹೋದರೆ, ಸುಗ್ಗಿ ಮುಗಿಸಿದ ಊರಿಗೆ ಊರೇ ಶಾಲೆಯ ಮುಂದೆ ನಿಂತಿತ್ತು. ಕೆರೆಯವರೆಗೆ ಓಡಿ ಬರುವ ಪಂದ್ಯವಂತೆ.

“ನೀವೂ ಓಡ್ರಿ ಡಾಕ್ಟರ್ರ,” ಎಂದರು ಹಿರಿಯರಾದ ಬಸಣ್ಣ. ನಾನು ಬರೀ ಕಂಪೌಂಡರ್. ಆದರೂ ಆ ಮಾತಿಗೆ ಉಬ್ಬಿ, ಪ್ಯಾಂಟು ಮಡಚಿ ಓಡಿದೆ.

ನಾನು ಕೆರೆ ಮುಟ್ಟುವಷ್ಟರಲ್ಲಿ ಉಳಿದವರೆಲ್ಲ ಹಿಂತಿರುಗಿ ಹೋಗಿಯಾಗಿತ್ತು. ಇನ್ನು ಯಾರು ನೋಡುತ್ತಾರೆ ಎಂದು ಮಾವಿನ ಮರಕ್ಕೆ ಒರಗಿದವನಿಗೆ ನಿದ್ದೆಯೇ ಬಂತು. ಎಬ್ಬಿಸಿದವಳು ಒಬ್ಬ ಅಜ್ಜಿ.

“ಏಳಪಾ ತಮ್ಮಾ. ಕಡೀದಾಂವ ಬರೂತನಕ ನಮ್ಮೂರಾಗ ಊಟಕ್ಕ ಎಲಿ ಹಾಕೂದಿಲ್ಲ. ಅನ್ನ ಆರಾಕತ್ತೈತಿ.”

“ಗೆದ್ದವನಾದರೂ ಊಟ ಮಾಡಬಹುದಿತ್ತಲ್ಲ ಅಜ್ಜಿ?”

“ಅವನೇ ನನ್ನ ಕಳಿಸ್ಯಾನ. ಅವಂಗ ಭಾಳ ಹಸಿವಾಗೈತಿ.”

ಅಜ್ಜಿ ಮುಂದೆ, ನಾನು ಹಿಂದೆ ಓಡಿದೆವು. ಶಾಲೆಯ ಮುಂದೆ ಸಾಲಾಗಿ ಕೂತಿದ್ದ ಊರು ನನಗೆ ಚಪ್ಪಾಳೆ ತಟ್ಟಿತು. ಗೆದ್ದವನಂತೂ ಎದ್ದು ನಿಂತು ತಟ್ಟಿದ.

ಮರುವರ್ಷ ಬಸಣ್ಣ ನನ್ನನ್ನು ಓಡಲು ಕರೆಯಲಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ಕೈಗೆ ಸಾರಿನ ಸೌಟು ಕೊಟ್ಟು, “ನೀವು ಇಲ್ಲೇ ಇರ್ರಿ ಡಾಕ್ಟರ್ರ,” ಎಂದರು.