ಬಿಳಿ ತಟ್ಟೆಯ ಕೆಂಪು ಹುಳಗಳು

ಆ ಭಾನುವಾರ ನಮ್ಮವರ ಹಿಮ್ಮಡಿ ಒಡೆದಿತ್ತು. ಪ್ರತಿ ಬೇಸಿಗೆಯಲ್ಲೂ ಒಡೆಯುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ಚಹಾ ಕುಡಿದು ಸ್ಕೂಟರಿನಲ್ಲಿ ನಾಚಾರಂ ಕಡೆಯ ಕೆರೆಗೆ ಹೊರಟೆವು.

ನಾರಾಯಣಗೂಡದ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಅವರು ಅಟೆಂಡರ್ ಆಗಿದ್ದರು. ಹುಡುಗರಿಗೆ ತೋರಿಸಲು ನೀರಿನ ಹುಳ ತರುವ ಕೆಲಸವನ್ನು ನಿವೃತ್ತಿಯ ನಂತರವೂ ಬಿಡಲಿಲ್ಲ. ನನ್ನ ಹಳೆ ಸೀರೆಯಿಂದ ಹೊಲಿದ ಬಲೆ, ಒಂದು ಬಿಳಿ ತಟ್ಟೆ, ಇಷ್ಟೇ ಸಾಮಾನು. ಬಲೆಗೆ ಬಂದದ್ದನ್ನು ತಟ್ಟೆಗೆ ಸುರಿದು ರಾಡಿ ತಳಕ್ಕೆ ಕೂರುವವರೆಗೆ ಕಾಯಬೇಕು. ಆಮೇಲೆ ಒಂದೊಂದೇ ಅಲುಗಾಡುತ್ತವೆ. ಅವರು ಹೇಳುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನೀರಿಗೆ ಮಾತ್ರ ಬರಿಗಾಲಲ್ಲೇ ಇಳಿಯುತ್ತಿದ್ದರು. ಬೂಟು ಹಾಕಿದರೆ ತಳ ಕಲಕಿ ಹುಳ ಓಡುತ್ತವಂತೆ.

ಕೆರೆಯ ಅರ್ಧಕ್ಕೆ ಅಂತರಗಂಗೆ ಕಳೆ ಹಬ್ಬಿತ್ತು. ಉಳಿದ ನೀರು ಕಪ್ಪಾಗಿತ್ತು, ಬೆಳಿಗ್ಗೆಯೇ ಬೆಚ್ಚಗಿತ್ತು. ಅವರು ದಂಡೆಯಿಂದಲೇ ಬಲೆ ಎಳೆದು ತಟ್ಟೆಗೆ ಸುರಿದರು. ತಟ್ಟೆಯ ತುಂಬ ಕೆಂಪು ಹುಳ, ದಾರದ ತುಂಡುಗಳ ಹಾಗೆ.

"ಎಷ್ಟ್ ಅದಾವ ನೋಡ್ರಿ! ಇಳೀರಿ, ಒಳಗ ಇನ್ನೂ ಸಿಗ್ತಾವ," ಅಂದೆ.

"ಅಡಿಗಿಮನ್ಯಾಗ ಒಂದ್ ಹುಳ ಕಂಡ್ರ ಚೀರಾಕಿ, ಇಲ್ಲಿ ಕುಣ್ಯಾಕತ್ತೀಯಲ್ಲ," ಅಂದು ನಕ್ಕರು. "ಇವತ್ತ ಕಾಲು ಸರಿ ಇಲ್ಲ. ದಂಡಿಮ್ಯಾಲಿಂದನ ನೋಡೋಣು."

"ಹುಳ ಇದ್ದ ನೀರು ಜೀವಂತ ನೀರು ಅಂತ ನೀವ ಹೇಳಿದ್ದಲ್ರೀ?"

ಅವರು ತಟ್ಟೆಯನ್ನು ಮತ್ತೊಮ್ಮೆ ನೋಡಿದರು. "ಏರೋಪ್ಲೇನ್ ಚಿಟ್ಟೆ ಮರಿ ಒಂದೂ ಇಲ್ಲ. ಒಳಗರ ಅದಾವೇನು ನೋಡ್ತೀನಿ," ಎಂದು ಪ್ಯಾಂಟು ಮಡಚಿ ಮೊಣಕಾಲುದ್ದ ಇಳಿದರು. ಬಹಳ ಹೊತ್ತು ಹುಡುಕಿದರು.

ಮೇಲೆ ಬಂದು ಕಾಲು ಒರೆಸಿಕೊಳ್ಳುತ್ತ ಅಂದರು: "ಕೆಂಪು ಹುಳ ಅಷ್ಟ ಉಳದಾವ ಅಂದ್ರ ಆ ನೀರಿಗೆ ಉಸಿರಿಲ್ಲ. ಅವಕ್ಕ ಉಸಿರು ಭಾಳ ಬೇಕಾಗಂಗಿಲ್ಲ, ಹೊಲಸಿನ್ಯಾಗ ಬದುಕ್ತಾವ. ಏರೋಪ್ಲೇನ್ ಚಿಟ್ಟೆ ಮರಿಯಂಥಾವೆಲ್ಲ ಸತ್ತ ಮ್ಯಾಲ ಇವು ಹಿಂಗ ತುಂಬ್ತಾವ."

ಇಷ್ಟು ವರ್ಷ ಬರೆದುಕೊಂಡರೂ ನಾನು ನೋಡಿದ್ದು ಎಷ್ಟಿವೆ ಎಂಬುದನ್ನು. ಯಾವುವು ಇಲ್ಲ ಎಂದು ನೋಡಿರಲಿಲ್ಲ.

ಮಂಗಳವಾರ ಜ್ವರ ಬಂತು. ಬುಧವಾರ ಕಾಲು ಮೊಣಕಾಲಿನವರೆಗೆ ಊದಿತು. ಆಸ್ಪತ್ರೆಯಲ್ಲಿ ಡಾಕ್ಟರು, ಹಿಮ್ಮಡಿಯ ಸೀಳಿನಿಂದ ನಂಜು ರಕ್ತಕ್ಕೆ ಸೇರಿದೆ ಅಂದರು. ಮುಂದಿನ ಭಾನುವಾರಕ್ಕೆ ಅವರು ಇರಲಿಲ್ಲ. ಇಳೀರಿ ಎಂದವಳು ನಾನು ಎಂದು ಯಾರಿಗೂ ಹೇಳಿಲ್ಲ. ಇಲ್ಲೇ ಮೊದಲು ಬರೆಯುತ್ತಿದ್ದೇನೆ.

ಒಂದು ವರ್ಷದ ನಂತರ ಯಾರೋ ಅಂತರಗಂಗೆ ತೆಗೆಸಿದರು. ಕೆರೆಗೆ ಬೀಳುತ್ತಿದ್ದ ಒಂದು ಮೋರಿಯನ್ನೂ ಬೇರೆ ಕಡೆ ತಿರುಗಿಸಿದರಂತೆ. ಆಗಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುತ್ತೇನೆ. ನೀರಿಗೆ ಇಳಿಯುವುದಿಲ್ಲ. ಉದ್ದನೆಯ ಕೋಲಿಗೆ ಬಲೆ ಕಟ್ಟಿ ಎಳೆದು, ತಟ್ಟೆಗೆ ಸುರಿದು ಕಾಯುತ್ತೇನೆ. ಕೆಂಪು ಹುಳ ಕಡಿಮೆಯಾಗಿವೆ. ಹೋದ ಮಳೆಗಾಲದಲ್ಲಿ ಎರಡು ಸಣ್ಣ ಬಸವನಹುಳು ಸಿಕ್ಕವು. ಅವರ ನೋಟ್‌ಬುಕ್ಕಿನಲ್ಲೇ ಬರೆದೆ.

ಏರೋಪ್ಲೇನ್ ಚಿಟ್ಟೆಯ ಮರಿ ಇನ್ನೂ ಸಿಕ್ಕಿಲ್ಲ.